ರೈಲು, ಶಾಲೆ ಮತ್ತು ಸಂಜೆಯ ಆರು ಗಂಟೆ

ಕೆಲಸ ನ್ಯೂಯಾರ್ಕಿನಲ್ಲಿ, ಮನೆ ನ್ಯೂಜೆರ್ಸಿಯಲ್ಲಿ. ಅಲ್ಲಿ ನೆಲೆ ನಿಲ್ಲುವ ಕನ್ನಡ ಕುಟುಂಬಗಳು ಊರು ಆರಿಸುವಾಗ ಯಾವುದನ್ನು ಅಳೆಯಬೇಕು, ಹೇಗೆ ಅಳೆಯಬೇಕು?

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೊರಟು ನ್ಯೂಯಾರ್ಕಿನಲ್ಲಿ ಕೆಲಸಕ್ಕೆ ಸೇರಿದ ದಂಪತಿಗಳಲ್ಲಿ ಅನೇಕರು ಮೊದಲ ಕೆಲವು ವರ್ಷ ಜೆರ್ಸಿ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿರುತ್ತಾರೆ. ಮನೆಯಿಂದ ಕೆಳಗಿಳಿದರೆ ಪಾತ್ ರೈಲು. ಹಡ್ಸನ್ ನದಿಯಡಿ ನುಗ್ಗಿ ಸ್ವಲ್ಪ ಹೊತ್ತಿನಲ್ಲೇ ಮ್ಯಾನ್‌ಹಟನ್. ಮಗುವಿಗೆ ನಾಲ್ಕು ತುಂಬುತ್ತಿದ್ದ ಹಾಗೆ ಮನೆಯೊಳಗಿನ ಮಾತೇ ಬೇರೆಯಾಗುತ್ತದೆ. ಯಾವ ಊರಿನ ಸ್ಕೂಲು ಚೆನ್ನಾಗಿದೆ, ಅಲ್ಲಿಂದ ಆಫೀಸಿಗೆ ಎಷ್ಟು ಹೊತ್ತು, ಅಲ್ಲಿ ಮನೆಗೆ ಎಷ್ಟು ಬೆಲೆ? ರಾತ್ರಿ ಊಟವಾದ ಮೇಲೆ ಎಕ್ಸೆಲ್ ಶೀಟ್ ತೆರೆದುಕೊಳ್ಳುತ್ತದೆ. ಒಂದು ಕಾಲಮ್ಮಿನಲ್ಲಿ ಶಾಲೆಯ ರೇಟಿಂಗು, ಇನ್ನೊಂದರಲ್ಲಿ ರೈಲಿನ ನಿಮಿಷ, ಮೂರನೆಯದರಲ್ಲಿ ಡಾಲರು.

ಬದುಕಿನ ಅತಿ ದೊಡ್ಡ ಖರ್ಚು ಈ ಲೆಕ್ಕದ ಮೇಲೆ ನಿಂತಿರುವುದರಿಂದ ಅದನ್ನು ಸರಿಯಾಗಿ ಮಾಡುವುದು ಮುಖ್ಯ. ಶಾಲೆ ಮತ್ತು ರೈಲನ್ನು ಎರಡು ಬೇರೆ ಕಾಲಮ್ಮುಗಳಲ್ಲಿಟ್ಟು ತೂಗಿದರೆ ಲೆಕ್ಕ ತಪ್ಪುತ್ತದೆ ಎಂಬುದು ಈ ಲೇಖನದ ವಾದ. ಅವೆರಡೂ ವಾರದ ದಿನಗಳಲ್ಲೆಲ್ಲ ಒಂದು ಹೊತ್ತಿನಲ್ಲಿ ಕೂಡುತ್ತವೆ. ಆ ಹೊತ್ತು ಸಂಜೆ ಆರು ಗಂಟೆ.

ವಿಳಾಸವೇ ಅಡ್ಮಿಷನ್

ನಮ್ಮಲ್ಲಿ ಜಯನಗರದ ಮಗು ವ್ಯಾನ್ ಹತ್ತಿ ಊರಾಚೆಯ ಶಾಲೆಗೆ ಹೋಗಬಹುದು. ಸೀಟು ಸಿಕ್ಕಿ ಫೀಸು ಕಟ್ಟಿದರೆ ಮುಗಿಯಿತು. ಅಮೆರಿಕದ ಸರ್ಕಾರಿ ಶಾಲೆಗಳ ರೀತಿಯೇ ಬೇರೆ. ಮನೆ ಯಾವ ಸ್ಕೂಲ್ ಡಿಸ್ಟ್ರಿಕ್ಟಿನ ಗಡಿಯೊಳಗಿದೆಯೋ ಆ ಡಿಸ್ಟ್ರಿಕ್ಟಿನ ಶಾಲೆಗೇ ಮಗು ಹೋಗಬೇಕು. ಫೀಸಿಲ್ಲ, ಸೀಟಿಗಾಗಿ ಶಿಫಾರಸು ಪತ್ರವೂ ಬೇಡ. ಮನೆಯ ಬಾಡಿಗೆ ಕರಾರೋ ಕ್ರಯಪತ್ರವೋ ತೋರಿಸಿದರೆ ಸಾಕು.

ಕರ್ನಾಟಕದ ಎಂಟನೆಯ ಒಂದು ಭಾಗದಷ್ಟೂ ಇಲ್ಲದ ನ್ಯೂಜೆರ್ಸಿಯಲ್ಲಿ 564 ಸ್ಥಳೀಯ ಆಡಳಿತಗಳಿವೆ, ಸ್ಕೂಲ್ ಡಿಸ್ಟ್ರಿಕ್ಟುಗಳು ಹೆಚ್ಚೂಕಡಿಮೆ ಆರುನೂರು. ಇವುಗಳ ಹಣದ ದೊಡ್ಡ ಮೂಲ ಮನೆ ತೆರಿಗೆ. ಆ ರಾಜ್ಯದಲ್ಲಿ ಒಂದು ಮನೆಯ ಸರಾಸರಿ ಆಸ್ತಿ ತೆರಿಗೆ 2024ರಲ್ಲಿ ವರ್ಷಕ್ಕೆ 10,000 ಡಾಲರ್ ದಾಟಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಶಾಲೆಗಳಿಗೆ. ಹೀಗಾಗಿ ಶಾಲೆ ಹೆಸರು ಮಾಡಿದರೆ ಮನೆಗೆ ಬೇಡಿಕೆ ಏರುತ್ತದೆ, ಬೆಲೆ ಏರಿದ ಊರಿಗೆ ಅನುಕೂಲಸ್ಥರೇ ಬರುತ್ತಾರೆ, ಅವರ ಮಕ್ಕಳ ಅಂಕಗಳಿಂದ ಶಾಲೆಯ ಹೆಸರು ಇನ್ನಷ್ಟು ಏರುತ್ತದೆ.

ಹೆಸರಿಗೆ ಜನ ಎಷ್ಟು ಹಣ ಕೊಡುತ್ತಾರೆಂಬುದನ್ನು ಅರ್ಥಶಾಸ್ತ್ರಜ್ಞೆ ಸಾಂಡ್ರಾ ಬ್ಲ್ಯಾಕ್ 1999ರಲ್ಲಿ ಜಾಣತನದಿಂದ ಅಳೆದರು. ಬಾಸ್ಟನ್ ಸುತ್ತಲಿನ ಉಪನಗರಗಳಲ್ಲಿ, ಎರಡು ಪ್ರಾಥಮಿಕ ಶಾಲೆಗಳ ಗಡಿಗೆರೆಯ ಆಚೀಚೆ ಇರುವ ಮನೆಗಳನ್ನು ಮಾತ್ರ ಅವರು ಹೋಲಿಸಿದರು. ನೆರೆಹೊರೆ ಒಂದೇ, ಶಾಲೆ ಮಾತ್ರ ಬೇರೆ. ಪರೀಕ್ಷೆಯ ಅಂಕ ಶೇ 5ರಷ್ಟು ಹೆಚ್ಚಿದ್ದ ಶಾಲೆಯ ಕಡೆಯ ಮನೆಗೆ ಜನ ಶೇ 2.5ರಷ್ಟು ಹೆಚ್ಚು ಬೆಲೆ ಕೊಡುತ್ತಿದ್ದರು.

ಈ ಗೆರೆಗಳ ವಿಚಾರದಲ್ಲಿ ಹೊಸಬರು ಎಡವುವುದು ಸುಲಭ. ಅಂಚೆ ವಿಳಾಸದಲ್ಲಿ 'ಪ್ರಿನ್ಸ್‌ಟನ್' ಎಂದಿದ್ದ ಮಾತ್ರಕ್ಕೆ ಆ ಮನೆ ಪ್ರಿನ್ಸ್‌ಟನ್ ಶಾಲೆಗಳಿಗೆ ಸೇರಿದ್ದಲ್ಲ. ಆ ಅಂಚೆ ಹೆಸರು ಪಕ್ಕದ ವೆಸ್ಟ್ ವಿಂಡ್ಸರ್, ಪ್ಲೇನ್ಸ್‌ಬರೋ, ಸೌತ್ ಬ್ರನ್ಸ್‌ವಿಕ್, ಮಾಂಟ್‌ಗೊಮರಿ ಟೌನ್‌ಶಿಪ್‌ಗಳ ಒಳಗೂ ಚಾಚಿದೆ. ಅಲ್ಲಿ ತೆರಿಗೆ ಬೇರೆ, ಶಾಲೆ ಬೇರೆ. ಎಡಿಸನ್‌ನಲ್ಲಿ ಟೌನ್‌ಶಿಪ್ ಒಂದೇ ಆದರೂ ಹೈಸ್ಕೂಲು ಎರಡು: ಜೆ.ಪಿ. ಸ್ಟೀವನ್ಸ್ ಮತ್ತು ಎಡಿಸನ್ ಹೈ. ಯಾವ ಬೀದಿ ಯಾವುದಕ್ಕೆ ಸೇರಿದೆ ಎಂಬುದರ ಮೇಲೆ ಮನೆಯ ಬೆಲೆ ಬದಲಾಗುತ್ತದೆ. ಜಾಹೀರಾತನ್ನೋ ಏಜೆಂಟನ್ನೋ ನೆಚ್ಚದೆ, ಮನೆ ನಂಬರು ಹೇಳಿ ಡಿಸ್ಟ್ರಿಕ್ಟ್ ಕಚೇರಿಯಲ್ಲೇ ವಿಚಾರಿಸಬೇಕು. ವಾಸದ ವಿಚಾರದಲ್ಲಿ ತಾರತಮ್ಯ ತಡೆಯಲು 1968ರಲ್ಲಿ ಬಂದ ಕಾನೂನಿಗೆ ಅಂಜಿ ಅಲ್ಲಿನ ಏಜೆಂಟರು 'ಇದು ಒಳ್ಳೆಯ ಶಾಲೆ' ಎಂಬ ಮಾತಿಗೇ ಸಾಮಾನ್ಯವಾಗಿ ಹೋಗುವುದಿಲ್ಲ.

ರೇಟಿಂಗ್ ಏನನ್ನು ಅಳೆಯುತ್ತದೆ?

ಮನೆ ಮಾರಾಟದ ಜಾಲತಾಣಗಳಲ್ಲಿ ಮನೆಯ ಚಿತ್ರದ ಕೆಳಗೆ ಶಾಲೆಗೆ ಹತ್ತಕ್ಕೆ ಇಷ್ಟು ಎಂಬ ಅಂಕ ಕಾಣುತ್ತದೆ. ಬಹುಪಾಲು ಅದು 1998ರಲ್ಲಿ ಹುಟ್ಟಿದ ಗ್ರೇಟ್‌ಸ್ಕೂಲ್ಸ್ ಸಂಸ್ಥೆಯ ಅಂಕ. ಹತ್ತಕ್ಕೆ ಒಂಬತ್ತು ಬಂದ ಶಾಲೆ ಆರು ಬಂದ ಶಾಲೆಗಿಂತ ಚೆನ್ನಾಗಿ ಕಲಿಸುತ್ತದೆ ಎಂದೇ ನಾವು ತಿಳಿಯುತ್ತೇವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿ ನೋಡಿಕೊಂಡು ಬೆಳೆದವರಿಗೆ ಹಾಗೆ ತಿಳಿಯುವುದು ಸಹಜ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ಇದನ್ನು ಆಳವಾಗಿ ನೋಡಿದ್ದಾರೆ. ಅಮೆರಿಕದ ಸಾವಿರಾರು ಡಿಸ್ಟ್ರಿಕ್ಟುಗಳ ಮೂರರಿಂದ ಎಂಟನೇ ತರಗತಿವರೆಗಿನ ಮಕ್ಕಳ ಅಂಕಗಳನ್ನು ಅವರ ತಂಡ ಒಟ್ಟುಗೂಡಿಸಿತು. ಸರಾಸರಿ ಅಂಕಕ್ಕೂ ಆ ಊರಿನ ಕುಟುಂಬಗಳ ಆದಾಯ ಮತ್ತು ಓದಿಗೂ ಬಲವಾದ ನಂಟು ಕಂಡಿತು. ಒಂದೇ ಮಕ್ಕಳ ಗುಂಪು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಹೋಯಿತೆಂದು ನೋಡಿದಾಗ ಆ ನಂಟು ತೀರಾ ಸಡಿಲವಾಯಿತು. ಬಡ ಮಕ್ಕಳೇ ಹೆಚ್ಚಿರುವ ಷಿಕಾಗೋ ನಗರದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಐದು ವರ್ಷದಲ್ಲಿ ಆರು ವರ್ಷದಷ್ಟು ಕಲಿಕೆ ಸಾಧಿಸಿದ್ದರು. ಸರಾಸರಿ ಅಂಕ ಹೆಚ್ಚಾಗಿ ತೋರಿಸುವುದು ಮಗು ಎಂಥ ಮನೆಯಿಂದ ಬಂದಿದೆ ಎಂಬುದನ್ನು. ಶಾಲೆ ಏನು ಮಾಡಿತೆಂದು ತೋರಿಸುವುದು ವರ್ಷ ವರ್ಷದ ಪ್ರಗತಿ.

ಟೀಕೆಗಳ ನಂತರ ಗ್ರೇಟ್‌ಸ್ಕೂಲ್ಸ್ ಕೂಡ ಪ್ರಗತಿಗೆ ಹೆಚ್ಚು ತೂಕ ಕೊಟ್ಟು ತನ್ನ ಲೆಕ್ಕವನ್ನು ಬದಲಿಸಿಕೊಂಡಿದೆ. ಹಾಗಿದ್ದರೂ ಅದಕ್ಕಿಂತ ಉಪಯುಕ್ತವಾದದ್ದು ನ್ಯೂಜೆರ್ಸಿ ಶಿಕ್ಷಣ ಇಲಾಖೆ ಪ್ರತಿ ಶಾಲೆಗೂ ಪ್ರಕಟಿಸುವ ವರದಿ. ಅದರಲ್ಲಿ ಪ್ರಗತಿಯ ಅಂಕವಿದೆ, ಮಕ್ಕಳ ಗೈರುಹಾಜರಿಯಿದೆ, ಶಿಕ್ಷಕರ ವಿವರವಿದೆ. ನಮ್ಮ ಮಕ್ಕಳು ಹೇಗೂ ಪುಸ್ತಕವಿರುವ, ಓದಿಗೆ ಒತ್ತು ಕೊಡುವ ಮನೆಯಿಂದ ಬರುತ್ತಾರೆ. ಅವರ ಮಟ್ಟಿಗೆ ಒಂಬತ್ತಕ್ಕೂ ಏಳಕ್ಕೂ ನಡುವಿನ ಅಂತರ ಜಾಲತಾಣದಲ್ಲಿ ಕಾಣುವಷ್ಟು ದೊಡ್ಡದಲ್ಲ. ಆ ಎರಡು ಅಂಕಕ್ಕಾಗಿ ಲಕ್ಷಾಂತರ ಡಾಲರ್ ಹೆಚ್ಚು ಸಾಲ ಮಾಡುವ ಮುನ್ನ ಇದನ್ನು ನೆನೆಯಬೇಕು.

ಅಂಕದ ಇನ್ನೊಂದು ಮುಖವೂ ಇದೆ. ಭಾರತೀಯರು ಮತ್ತು ಚೀನೀಯರು ದೊಡ್ಡ ಸಂಖ್ಯೆಯಲ್ಲಿರುವ ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೋ ಡಿಸ್ಟ್ರಿಕ್ಟ್ ರಾಜ್ಯದ ಅಗ್ರಪಂಕ್ತಿಯದು. 2015ರಲ್ಲಿ ಅಲ್ಲಿನ ಸೂಪರಿಂಟೆಂಡೆಂಟ್ ಪೋಷಕರಿಗೆ 16 ಪುಟಗಳ ಪತ್ರ ಬರೆದು, ಮಕ್ಕಳ ಮೇಲಿನ ಒತ್ತಡ ಅಪಾಯದ ಮಟ್ಟ ಮುಟ್ಟಿದೆ ಎಂದು ಎಚ್ಚರಿಸಿದರು. ಹೈಸ್ಕೂಲಿನ ಅರ್ಧವಾರ್ಷಿಕ, ವಾರ್ಷಿಕ ಪರೀಕ್ಷೆಗಳು ರದ್ದಾದವು. ಹೋಂವರ್ಕ್ ಇಲ್ಲದ ರಾತ್ರಿಗಳು ಬಂದವು. ಪೋಷಕರಲ್ಲಿ ಎರಡು ಪಂಗಡವಾಯಿತು. ಸ್ಪರ್ಧೆಗೆಂದೇ ಈ ಊರಿಗೆ ಬಂದೆವಲ್ಲ ಎಂದು ನೊಂದುಕೊಂಡವರಲ್ಲಿ ನಮ್ಮವರೂ ಇದ್ದರು. ಆ ಪತ್ರ ಎತ್ತಿದ ಪ್ರಶ್ನೆ ಇಂದಿಗೂ ನಿಜ: ಎಲ್ಲರೂ ಮುಂದಿರುವ ಶಾಲೆಯಲ್ಲಿ ನಡುವೆ ಉಳಿಯುವ ಮಗು ತನ್ನನ್ನು ಏನೆಂದುಕೊಳ್ಳುತ್ತದೆ?

ನೇರ ರೈಲೋ, ಇಳಿದು ಹತ್ತುವುದೋ

ಇನ್ನು ರೈಲಿನ ಕಾಲಮ್ಮು. ಅಲ್ಲಿ ನಾವು ಬರೆಯುವುದು ವೇಳಾಪಟ್ಟಿಯ ನಿಮಿಷಗಳನ್ನು. ಮೆಟ್ರೊಪಾರ್ಕಿನಿಂದ ನ್ಯೂಯಾರ್ಕಿನ ಪೆನ್ ಸ್ಟೇಷನ್ನಿಗೆ ಮುಕ್ಕಾಲು ಗಂಟೆ, ಪ್ರಿನ್ಸ್‌ಟನ್ ಜಂಕ್ಷನ್ನಿನಿಂದ ಒಂದು ಗಂಟೆಯ ಮೇಲೆ, ಮೇಪಲ್‌ವುಡ್ಡಿನಿಂದ ನಲವತ್ತು ನಿಮಿಷದ ಆಸುಪಾಸು. ಅಷ್ಟೇ ಮುಖ್ಯವಾದ ಪ್ರಶ್ನೆ, ನಡುವೆ ಇಳಿದು ಬೇರೆ ರೈಲು ಹತ್ತಬೇಕೇ?

ಸೌತ್ ಆರೆಂಜ್, ಮೇಪಲ್‌ವುಡ್, ಸಮಿಟ್, ಚಾಥಮ್ ಊರುಗಳ ಮಾರಿಸ್ ಅಂಡ್ ಎಸೆಕ್ಸ್ ಮಾರ್ಗದ ರೈಲುಗಳು 1996ರವರೆಗೆ ಹೊಬೋಕನ್‌ನಲ್ಲೇ ನಿಲ್ಲುತ್ತಿದ್ದವು. ಅಲ್ಲಿಂದ ಪಾತ್ ರೈಲೋ ದೋಣಿಯೋ ಹಿಡಿದು ನದಿ ದಾಟಬೇಕಿತ್ತು. ಆ ವರ್ಷ ಹಳಿಗಳನ್ನು ಜೋಡಿಸಿ 'ಮಿಡ್‌ಟೌನ್ ಡೈರೆಕ್ಟ್' ಶುರುವಾಯಿತು. ರೈಲು ನೇರ ಪೆನ್ ಸ್ಟೇಷನ್ನಿಗೇ ಹೋಯಿತು. 2010ರಲ್ಲಿ ರೀಜನಲ್ ಪ್ಲಾನ್ ಅಸೋಸಿಯೇಷನ್ ನಡೆಸಿದ ಅಧ್ಯಯನದ ಪ್ರಕಾರ, ಇಂಥ ನೇರ ರೈಲಿನಿಂದ ಮನೆ ಬೆಲೆ ಏರಿತ್ತು, ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರವಿದ್ದ ಮನೆಗಳಿಗಂತೂ ಹೆಚ್ಚೇ ಏರಿತ್ತು.

ಬೆಲೆಗಿಂತ ಮುಖ್ಯವಾದದ್ದನ್ನು ರಿಚರ್ಡ್ ವೆನರ್, ಗ್ಯಾರಿ ಇವಾನ್ಸ್ ಮತ್ತು ಸಂಗಡಿಗರು ಅಳೆದರು. ಹೊಸ ನೇರ ರೈಲಿಗೆ ಬದಲಾದವರ ಮಾನಸಿಕ ಒತ್ತಡ, ಇಳಿದು ಹತ್ತುತ್ತಿದ್ದವರದಕ್ಕಿಂತ ಕಡಿಮೆಯಿತ್ತು ಎಂದು 2003ರಲ್ಲಿ ಪ್ರಕಟಿಸಿದರು. ಮುಂದೆ ಇದೇ ನ್ಯೂಜೆರ್ಸಿ ಪ್ರಯಾಣಿಕರ ಜೊಲ್ಲಿನಲ್ಲಿ ಕಾರ್ಟಿಸಾಲ್ ಹಾರ್ಮೋನ್ ಅಳೆದು, ಪ್ರಯಾಣದ ಹೊತ್ತು ಹೆಚ್ಚಿದಂತೆ ದೇಹದ ಒತ್ತಡವೂ ಹೆಚ್ಚುವುದನ್ನು ಕಂಡರು. ಬೋಗಿಯಲ್ಲಿ ಒಟ್ಟು ಎಷ್ಟು ಜನರಿದ್ದಾರೆ ಎನ್ನುವುದಕ್ಕಿಂತ ಪಕ್ಕದಲ್ಲಿ ಒತ್ತರಿಸಿಕೊಂಡು ಎಷ್ಟು ಜನ ಕೂತಿದ್ದಾರೆ ಎನ್ನುವುದು ಹೆಚ್ಚು ಬಾಧಿಸುತ್ತದಂತೆ. ಮೂವರ ಸೀಟಿನ ನಡುವೆ ಕೂತು ಬಂದವರಿಗೆ ಇದಕ್ಕೆ ಪುರಾವೆ ಬೇಕಾಗದು.

ವೆಸ್ಟ್‌ಫೀಲ್ಡ್, ಕ್ರಾನ್‌ಫರ್ಡ್ ಊರುಗಳಿರುವ ರ‍್ಯಾರಿಟನ್ ವ್ಯಾಲಿ ಮಾರ್ಗದಲ್ಲಿ ಆಫೀಸಿನ ಹೊತ್ತಿಗೆ ನ್ಯೂಅರ್ಕ್‌ನಲ್ಲಿ ರೈಲು ಬದಲಿಸಬೇಕು. ಆ ಮಾರ್ಗದಲ್ಲಿ ಓಡುವುದು ಡೀಸೆಲ್ ರೈಲು, ನದಿಯಡಿಯ ಸುರಂಗಕ್ಕೆ ಡೀಸೆಲ್ ಸಲ್ಲದು. ಎರಡೂ ಬಗೆಯಲ್ಲಿ ಓಡುವ ಎಂಜಿನ್ನುಗಳು ಬಂದಿದ್ದರೂ ದಟ್ಟಣೆಯ ಹೊತ್ತಿನಲ್ಲಿ ಸುರಂಗದಲ್ಲಿ ಜಾಗವಿಲ್ಲ. ರಿಜ್‌ವುಡ್ ಕಡೆಯವರು ಸೆಕಾಕಸ್‌ನಲ್ಲಿ ಇಳಿದು ಹತ್ತುತ್ತಾರೆ. ಆದರೆ ಆಫೀಸು ವಾಲ್ ಸ್ಟ್ರೀಟಿನ ಕಡೆಯಿದ್ದರೆ ಲೆಕ್ಕವೇ ತಿರುಗುತ್ತದೆ. ನ್ಯೂಅರ್ಕಿನಿಂದ ಪಾತ್ ರೈಲು ವರ್ಲ್ಡ್ ಟ್ರೇಡ್ ಸೆಂಟರಿಗೇ ಹೋಗುವುದರಿಂದ ವೆಸ್ಟ್‌ಫೀಲ್ಡಿನವರಿಗೆ ಆ ಬದಲಾವಣೆ ಹೊರೆಯಲ್ಲ. ಒಂದು ಊರಿನ ರೈಲು ಒಳ್ಳೆಯದೋ ಅಲ್ಲವೋ ಎಂಬುದು ಆಫೀಸು ಯಾವ ಬೀದಿಯಲ್ಲಿದೆ ಎಂಬುದರ ಮೇಲಿದೆ.

ನೂರು ವರ್ಷ ದಾಟಿದ ಸುರಂಗ

ವೇಳಾಪಟ್ಟಿ ಹೇಳದ ಇನ್ನೊಂದು ಸಂಗತಿ, ರೈಲನ್ನು ಎಷ್ಟು ನಂಬಬಹುದು ಎಂಬುದು. ನ್ಯೂಜೆರ್ಸಿಯಿಂದ ಪೆನ್ ಸ್ಟೇಷನ್ನಿಗೆ ಹೋಗುವ ರೈಲುಗಳೆಲ್ಲ ಹಡ್ಸನ್ ನದಿಯಡಿ ಒಂದೊಂದೇ ಹಳಿಯಿರುವ ಎರಡು ಕೊಳವೆಗಳಲ್ಲಿ ಸಾಗಬೇಕು. ಅವು ತೆರೆದದ್ದು 1910ರಲ್ಲಿ. ದಟ್ಟಣೆಯ ಹೊತ್ತಿನಲ್ಲಿ ನಗರದ ಕಡೆಗೆ ಗಂಟೆಗೆ ಸುಮಾರು 24 ರೈಲುಗಳು ಹಾಯುತ್ತವೆ. ಅದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತದ ಉಪ್ಪುನೀರು ಒಳನುಗ್ಗಿ ಕಾಂಕ್ರೀಟನ್ನೂ ವಿದ್ಯುತ್ ತಂತಿಗಳನ್ನೂ ತಿಂದುಹಾಕಿತು. ಎರಡು ಕೊಳವೆ ಹೆಚ್ಚಿಸಬೇಕಿದ್ದ ಒಂದು ಯೋಜನೆಯನ್ನು 2010ರಲ್ಲಿ ಆಗಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಖರ್ಚಿನ ಕಾರಣ ಕೊಟ್ಟು ಕೈಬಿಟ್ಟಿದ್ದರು.

ಹ್ಯಾಕೆನ್‌ಸ್ಯಾಕ್ ನದಿಯ ಮೇಲಿನ ಪೋರ್ಟಲ್ ಸೇತುವೆಯೂ 1910ರದೇ. ದೋಣಿಗೆ ದಾರಿ ಬಿಡಲು ಅಡ್ಡ ತಿರುಗುವ ಈ ಸೇತುವೆ ಮತ್ತೆ ಸರಿಯಾಗಿ ಕೂರದೆ ಹೋದಾಗ ಕೆಲಸಗಾರರು ಸುತ್ತಿಗೆಯಿಂದ ಬಡಿದು ಹಳಿ ಕೂಡಿಸಿದ್ದುಂಟು. ಬದಲಿ ಸೇತುವೆಯ ಕೆಲಸ 2022ರಲ್ಲಿ ಆರಂಭವಾಯಿತು. ಹಳಿಯ ಮೇಲಿನ ವಿದ್ಯುತ್ ತಂತಿಗಳ ವ್ಯವಸ್ಥೆ 1930ರ ದಶಕದ್ದು. ಬಿಸಿಲು ಏರಿದರೆ ತಂತಿ ಜೋಲುತ್ತದೆ. 2024ರ ಬೇಸಿಗೆಯಲ್ಲಿ ಇದರಿಂದ ಸಾವಿರಾರು ಮಂದಿ ಮತ್ತೆ ಮತ್ತೆ ದಾರಿಯಲ್ಲಿ ಸಿಕ್ಕಿಬಿದ್ದರು. 2025ರ ಮೇ ತಿಂಗಳಲ್ಲಿ ರೈಲು ಚಾಲಕರ ಮುಷ್ಕರದಿಂದ ನಾಲ್ಕು ದಿನ ರೈಲೇ ಇರಲಿಲ್ಲ. ಆದ್ದರಿಂದ ಊರು ಆರಿಸುವಾಗ ರೈಲಿನ ಜೊತೆಗೆ ಎರಡನೇ ದಾರಿ ಇದೆಯೇ ಎಂದು ನೋಡಬೇಕು. ಮಿಡ್‌ಟೌನಿಗೆ ನೇರ ಬಸ್ಸು ಇರುವ ಊರು, ಹೊಬೋಕನ್ ಕಡೆಗೂ ರೈಲು ಇರುವ ಊರು ಇಂಥ ದಿನಗಳಲ್ಲಿ ಕೈಹಿಡಿಯುತ್ತವೆ.

ಎರಡೂ ಕೂಡುವ ಹೊತ್ತು

ಪ್ರಾಥಮಿಕ ಶಾಲೆ ಮಧ್ಯಾಹ್ನ ಮೂರರ ಸುಮಾರಿಗೆ ಬಿಡುತ್ತದೆ. ತಂದೆ ತಾಯಿ ಇಬ್ಬರೂ ದುಡಿಯುವ ಮನೆಯ ಮಗು ಆಮೇಲೆ ಶಾಲೆಯ ಕಟ್ಟಡದಲ್ಲೇ ನಡೆಯುವ ಆಫ್ಟರ್‌ಕೇರಿನಲ್ಲಿ ಇರುತ್ತದೆ. ಬಹುತೇಕ ಕಡೆ ಅದು ಸಂಜೆ ಆರಕ್ಕೋ ಆರೂವರೆಗೋ ಮುಚ್ಚುತ್ತದೆ. ತಡವಾದರೆ ದಂಡ. ದಂಡಕ್ಕಿಂತ ಹೆಚ್ಚು ಕಾಡುವುದು ಎಲ್ಲ ಮಕ್ಕಳೂ ಹೋದ ಮೇಲೆ ನಮ್ಮ ಮಗು ಒಂದೇ ಜಾಕೆಟ್ ಹಾಕಿಕೊಂಡು ಬಾಗಿಲು ನೋಡುತ್ತಿರುತ್ತದೆ ಎಂಬ ಕಳವಳ.

ಸಂಜೆ 5.05ಕ್ಕೆ ಪೆನ್ ಸ್ಟೇಷನ್ನಿನಿಂದ ಒಂದು ರೈಲು ಹೊರಡುತ್ತದೆಂದುಕೊಳ್ಳೋಣ. ಟ್ರ್ಯಾಕ್ ನಂಬರು ಬೋರ್ಡಿನಲ್ಲಿ ಮೂಡುವುದು ಹೊರಡುವ ಕೆಲವೇ ನಿಮಿಷ ಮುಂಚೆ. ಮೂಡಿದೊಡನೆ ಇಡೀ ಹಜಾರ ಒಂದು ಮೆಟ್ಟಿಲ ಕಡೆಗೆ ನುಗ್ಗುತ್ತದೆ. ಮೇಪಲ್‌ವುಡ್ಡಿನವರು ಆರಕ್ಕೆ ಮುಂಚೆ ಇಳಿದು ನಡೆದೇ ಶಾಲೆ ಮುಟ್ಟಬಹುದು. ಮೆಟ್ರೊಪಾರ್ಕಿನಲ್ಲಿ ಇಳಿದವರು ಪಾರ್ಕಿಂಗ್ ಕಟ್ಟಡದಿಂದ ಕಾರು ಹೊರತಂದು, ಸಿಗ್ನಲ್ ದಾಟಿ, ಆರಕ್ಕೆ ಸರಿಯಾಗಿ ತಲುಪಿದರೆ ಅದೃಷ್ಟ. ಪ್ರಿನ್ಸ್‌ಟನ್ ಜಂಕ್ಷನ್ನಿನವರು ಆರಕ್ಕೆ ಇನ್ನೂ ರೈಲಿನಲ್ಲೇ ಇರುತ್ತಾರೆ. ಇದು ಎಲ್ಲವೂ ಸರಿಯಿದ್ದ ದಿನದ ಮಾತು.

ಸರಿಯಿಲ್ಲದ ದಿನ ಬೋಗಿಯಲ್ಲಿ ಕೇಳುವ ಮಾತು ಇದು. ರೈಲು ಸುರಂಗದ ಬಾಯಲ್ಲಿ ನಿಂತಿದೆ. ಕಿಟಕಿಯ ಪಕ್ಕದ ಹೆಂಗಸು ತಗ್ಗಿದ ದನಿಯಲ್ಲಿ ಫೋನಿನಲ್ಲಿ ಹೇಳುತ್ತಾರೆ: "ರೀ, ಟ್ರೇನು ನಿಂತುಬಿಟ್ಟಿದೆ. ಪುಟ್ಟೀನ ನೀವು ಕರ್ಕೊಂಡು ಬರ್ತೀರಾ?" ಆ ಕಡೆಯಿಂದ ಬಂದ ಉತ್ತರ ನಮಗೆ ಕೇಳುವುದಿಲ್ಲ. ಇವರು ಒಂದು ಕ್ಷಣ ಸುಮ್ಮನಿದ್ದು, "ನೀವೂ ನ್ಯೂಯಾರ್ಕಲ್ಲೇ ಇದೀರಾ ಇವತ್ತು?" ಎನ್ನುತ್ತಾರೆ. ಆಮೇಲೆ ಗೆಳತಿಯೊಬ್ಬರಿಗೆ ಕರೆ.

ಎಕ್ಸೆಲ್ ಶೀಟಿನಲ್ಲಿ ಈ ಫೋನಿಗೆ ಕಾಲಮ್ಮು ಇರುವುದಿಲ್ಲ. ಹತ್ತಕ್ಕೆ ಹತ್ತರ ಶಾಲೆಗೆ ಮಗುವನ್ನು ಕರೆತರಲು ಯಾರೂ ಇಲ್ಲದಿದ್ದರೆ ಆ ಹತ್ತರಿಂದ ಏನು ಬಂತು? ಅದಕ್ಕೇ ನನ್ನ ಮೊದಲ ಸೂತ್ರ: ಇಬ್ಬರಲ್ಲಿ ಒಬ್ಬರ ಕೆಲಸವಾದರೂ ಶಾಲೆಯಿಂದ ಇಪ್ಪತ್ತು ನಿಮಿಷದೊಳಗಿರಲಿ. ಒಬ್ಬರು ಮ್ಯಾನ್‌ಹಟನ್ನಿಗೆ, ಇನ್ನೊಬ್ಬರು ನ್ಯೂ ಬ್ರನ್ಸ್‌ವಿಕ್ಕಿನ ಔಷಧ ಕಂಪನಿಗೋ ರೂಟ್ ಒಂದು ಹೆದ್ದಾರಿಯ ಆಫೀಸುಗಳಿಗೋ ಹೋಗುವ ಮನೆಗೆ ಎಡಿಸನ್, ಪ್ಲೇನ್ಸ್‌ಬರೋ ಚೆನ್ನಾಗಿ ಹೊಂದುತ್ತವೆ. ಇಬ್ಬರೂ ಮ್ಯಾನ್‌ಹಟನ್ನಿಗೆ ಹೋಗುವವರಾದರೆ ನೇರ ರೈಲಿನ, ನಡೆದು ತಲುಪುವ ಊರೇ ಬೇಕು, ಮನೆ ಚಿಕ್ಕದಾದರೂ ಸರಿ.

ಸಣ್ಣ ನಿಯಮಗಳೂ ಇಲ್ಲಿ ದೊಡ್ಡದಾಗುತ್ತವೆ. ನ್ಯೂಜೆರ್ಸಿ ಕಾನೂನಿನಂತೆ ಎಂಟನೇ ತರಗತಿವರೆಗಿನ ಮಗುವಿನ ಮನೆ ಶಾಲೆಯಿಂದ ಎರಡು ಮೈಲಿಗಿಂತ ದೂರವಿದ್ದರೆ ಮಾತ್ರ ಉಚಿತ ಬಸ್ಸು ಕೊಡಲೇಬೇಕು. ಹೈಸ್ಕೂಲಿಗೆ ಎರಡೂವರೆ ಮೈಲಿ. ಅದರೊಳಗಿನವರಿಗೆ ಬಸ್ಸು ಡಿಸ್ಟ್ರಿಕ್ಟಿನ ಮರ್ಜಿ, ಕೆಲವೆಡೆ ಅದಕ್ಕೆ ಹಣ ಕಟ್ಟಬೇಕು. ಹೆಸರುವಾಸಿ ಡಿಸ್ಟ್ರಿಕ್ಟುಗಳಲ್ಲೂ ಕಿಂಡರ್‌ಗಾರ್ಟನ್ ಅರ್ಧ ದಿನವಷ್ಟೇ ಇದ್ದದ್ದುಂಟು. ಸ್ಟೇಷನ್ನಿನ ಪಾರ್ಕಿಂಗ್ ಪರ್ಮಿಟ್ ಅನೇಕ ಕಡೆ ಆ ಊರಿನವರಿಗೇ ಮೀಸಲು. ಕೋವಿಡ್‌ಗೆ ಮುಂಚೆ ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ಅದಕ್ಕೆ ವರ್ಷಗಟ್ಟಲೆ ಕಾಯಬೇಕಿತ್ತು. ಈ ಮೂರನ್ನು ಕೇಳದೆ ಮನೆಗೆ ಮುಂಗಡ ಕೊಡಬಾರದು.

ಅಜ್ಜಿ ತಾತ ಬಂದಾಗ

ಕನ್ನಡದ ಮನೆಗಳಿಗೆ ಇನ್ನೂ ಒಂದು ಲೆಕ್ಕವಿದೆ. ಬೇಸಿಗೆಗೆ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ, ಆರು ತಿಂಗಳವರೆಗೂ ಇರುತ್ತಾರೆ. ಅವರಿಗೆ ಅಲ್ಲಿ ಕಾರು ಓಡಿಸಲು ಬರುವುದಿಲ್ಲ. ಫುಟ್‌ಪಾತಿಲ್ಲದ ದೊಡ್ಡ ಬಡಾವಣೆಯ ದೊಡ್ಡ ಮನೆಯಲ್ಲಿ ಅವರು ಹಗಲೆಲ್ಲ ಒಳಗೇ ಇರಬೇಕಾಗುತ್ತದೆ. ಮೆಟಚನ್ನಿನಂಥ ಚಿಕ್ಕ ಊರಿನಲ್ಲಿ ಅವರೇ ನಡೆದು ಗ್ರಂಥಾಲಯಕ್ಕೆ ಹೋಗುತ್ತಾರೆ, ಮೊಮ್ಮಗನನ್ನು ಶಾಲೆಯಿಂದ ಕರೆತರುತ್ತಾರೆ. ಓಕ್ ಟ್ರೀ ರಸ್ತೆಯ ಅಂಗಡಿಗಳು, ಎಡಿಸನ್ನಿನಲ್ಲಿ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ, ಬೃಂದಾವನ ಕನ್ನಡ ಕೂಟದ ಕಾರ್ಯಕ್ರಮಗಳು ಮಧ್ಯ ನ್ಯೂಜೆರ್ಸಿಯ ಕಡೆ ನಮ್ಮವರನ್ನು ಸೆಳೆಯುವುದು ಸುಮ್ಮನೆ ಅಲ್ಲ. ಮಗು ಕನ್ನಡ ಉಳಿಸಿಕೊಳ್ಳುವುದು ಕನ್ನಡ ಕೇಳುವ ಕಡೆ. ನನ್ನ ಎಣಿಕೆಯಲ್ಲಿ ಇದೂ ಶಾಲೆಯ ಕಾಲಮ್ಮಿಗೇ ಸೇರಬೇಕಾದ್ದು.

ಹಾಗಾದರೆ ಮಾಡಬೇಕಾದ್ದೇನು?

ಮನೆ ನೋಡಲು ಭಾನುವಾರ ಹೋಗುತ್ತೇವೆ. ಅದರ ಜೊತೆಗೆ ಕೆಲಸದ ದಿನವೊಂದರ ಬೆಳಗ್ಗೆ ಆ ಊರಿನಿಂದ ಆಫೀಸಿಗೂ, ಸಂಜೆ ಆಫೀಸಿನಿಂದ ಆ ಶಾಲೆಯ ಬಾಗಿಲಿಗೂ ಹೋಗಿ ನೋಡಬೇಕು, ಮಳೆ ಬರುತ್ತಿದ್ದರೆ ಇನ್ನೂ ಒಳ್ಳೆಯದು. ಶಾಲಾ ಮಂಡಳಿಯ ಸಭೆ ಎಲ್ಲರಿಗೂ ತೆರೆದಿರುತ್ತದೆ. ವಸಂತದಲ್ಲಿ ಬಜೆಟ್ ಚರ್ಚೆ ನಡೆಯುವಾಗ ಒಮ್ಮೆ ಕೂತು ಕೇಳಿದರೆ ಯಾವ ಡಿಸ್ಟ್ರಿಕ್ಟ್ ಸಂಗೀತ ಶಿಕ್ಷಕರನ್ನು ಕೈಬಿಡುತ್ತಿದೆ, ಯಾವುದು ಉಳಿಸಿಕೊಳ್ಳುತ್ತಿದೆ ಎಂಬುದು ರೇಟಿಂಗಿಗಿಂತ ಚೆನ್ನಾಗಿ ತಿಳಿಯುತ್ತದೆ. ಸಾಧ್ಯವಾದರೆ ಅದೇ ಊರಿನಲ್ಲಿ ಒಂದು ವರ್ಷ ಬಾಡಿಗೆಗಿದ್ದು ಆಮೇಲೆ ಕೊಳ್ಳುವುದು ಕ್ಷೇಮ. ಬಾಡಿಗೆದಾರರ ಮಗುವಿಗೂ ಅದೇ ಶಾಲೆ.

ದೂರದ ದೊಡ್ಡ ಮನೆ ಪ್ರಯಾಣದ ದಣಿವನ್ನು ತುಂಬಿಕೊಡುತ್ತದೆಂದು ಎಲ್ಲರೂ ನಂಬುತ್ತೇವೆ. ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಬ್ರೂನೊ ಫ್ರೈ ಮತ್ತು ಅಲೋಯಿಸ್ ಸ್ಟಟ್ಸರ್ ಜರ್ಮನಿಯ ಕುಟುಂಬಗಳ ಅಂಕಿಅಂಶ ಪರಿಶೀಲಿಸಿ 2008ರಲ್ಲಿ ಬರೆದಂತೆ, ಹಾಗಾಗುವುದಿಲ್ಲ. ಹೆಚ್ಚು ದೂರ ಓಡಾಡುವವರು ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತರಾಗಿದ್ದರು. ಸಂಬಳವಾಗಲಿ ಮನೆಯಾಗಲಿ ಆ ಕೊರತೆಯನ್ನು ತುಂಬಿರಲಿಲ್ಲ. ಮೇಲಾಗಿ ಆಫೀಸು ಬದಲಾಗುತ್ತದೆ, ಮನೆಯಿಂದ ಕೆಲಸದ ನಿಯಮ ಬದಲಾಗುತ್ತದೆ; ಮನೆ ಮಾತ್ರ ಮೂವತ್ತು ವರ್ಷದ ಸಾಲದೊಂದಿಗೆ ಅಲ್ಲೇ ಇರುತ್ತದೆ. ಇಂದಿನ ಒಂದು ಆಫೀಸಿಗೆ ಮಾತ್ರ ಒಗ್ಗುವ ಊರಿಗಿಂತ ಎರಡು ಮೂರು ದಿಕ್ಕಿಗೆ ದಾರಿಯಿರುವ ಊರು ಮೇಲು.

ಶಾಲೆ ಮಗುವಿಗೆ ಆರೇಳು ಗಂಟೆ ಕೊಡುತ್ತದೆ, ಉಳಿದದ್ದನ್ನು ಕೊಡಬೇಕಾದವರು ತಂದೆ ತಾಯಿ. ಅವರು ಹೊತ್ತಿಗೆ ಸರಿಯಾಗಿ ಮನೆ ಸೇರಿ, ಮಗುವಿನ ಜೊತೆ ಕೂತು ಉಂಡು, ಹೋಂವರ್ಕ್ ನೋಡಿ, ಒಂದು ಕಥೆ ಹೇಳುವಷ್ಟು ತ್ರಾಣ ಉಳಿಸಿಕೊಂಡಿರುವ ಊರಿನಲ್ಲಿ ಹತ್ತಕ್ಕೆ ಏಳರ ಶಾಲೆಯೂ ಚೆನ್ನಾಗಿ ಓದಿಸುತ್ತದೆ. ಅವರು ಬರುವ ಹೊತ್ತಿಗೆ ಮಗು ಮಲಗಿರುವ ಊರಿನಲ್ಲಿ ಹತ್ತಕ್ಕೆ ಹತ್ತರ ಶಾಲೆಯೂ ಆ ಕೊರತೆ ತುಂಬಲಾರದು. ಆದ್ದರಿಂದ ಊರು ಆರಿಸುವಾಗ ಮೊದಲು ಸಂಜೆಯನ್ನು ಬರೆದುಕೊಳ್ಳಿ, ರೇಟಿಂಗನ್ನು ಆಮೇಲೆ ತುಂಬಿ.